ಮಲ್ಲೇಶ್ವರದಲ್ಲಿದ್ದ ನನ್ನ ಓಟು

ಎರಡು ಲೋಕಸಭೆ ಚುನಾವಣೆಗಳಲ್ಲಿ ನಾನು ಓಟು ಹಾಕಲಿಲ್ಲ. ಹಾಕಿದ್ದೇನೆಂದು ಬೆರಳು ತೋರಿಸಿದೆ. ನಂಬಿಸಿದ್ದು ಬೇರೆ ಯಾರನ್ನೂ ಅಲ್ಲ, ನನ್ನ ಅತ್ತೆಯನ್ನು—ಓಟಿನ ದಿನ ತಲೆಗೆ ನೀರು ಹಾಕಿಕೊಂಡು, ಬೀರುವಿನಿಂದ ರೇಷ್ಮೆ ಸೀರೆ ತೆಗೆದು ಉಟ್ಟು ಹೋಗುವ ಹೆಂಗಸನ್ನು. ಕಾರಣ ರಾಜಕೀಯದ್ದಾಗಿದ್ದರೆ ಹೇಳಿಕೊಳ್ಳಲು ಸ್ವಲ್ಪ ಘನತೆಯಾದರೂ ಇರುತ್ತಿತ್ತು. ಕಾರಣ ನಿದ್ದೆ. ಅಮ್ಮನ ಮನೆಯ ಮಧ್ಯಾಹ್ನದ ನಿದ್ದೆ.

ಹುಟ್ಟಿ ಬೆಳೆದದ್ದು ಮಲ್ಲೇಶ್ವರದಲ್ಲಿ, ಮದುವೆಯಾಗಿ ಬಂದದ್ದು ದೊಡ್ಡಬಳ್ಳಾಪುರಕ್ಕೆ. ನನ್ನ ಗಂಡ ಮಂಜುನಾಥ ಮನೆಯ ಮುಂಭಾಗದಲ್ಲೇ ಪವರ್‌ಲೂಮ್ ಇಟ್ಟುಕೊಂಡು ಸೀರೆ ನೇಯಿಸುತ್ತಾರೆ. ಆ ಸದ್ದು ಮನೆಯವರಿಗೆಲ್ಲ ಜೋಗುಳ, ನನಗೊಬ್ಬಳಿಗೇ ಅದು ಸದ್ದು. ಅತ್ತೆ ನಂಜಮ್ಮ ಮಗ್ಗದ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದವರು; ಕರೆಂಟು ಹೋದಾಗಲೂ ಅವರ ದನಿ ಇಳಿಯುವುದಿಲ್ಲ.

ಮದುವೆಯಾದ ಹೊಸತರಲ್ಲಿ ಬಂದ ಚುನಾವಣೆಯಲ್ಲಿ ನನ್ನ ಹೆಸರು ನಿಜಕ್ಕೂ ತವರಿನಲ್ಲೇ, ಬೆಂಗಳೂರು ಉತ್ತರ ಕ್ಷೇತ್ರದಲ್ಲೇ ಇತ್ತು. ಅತ್ತೆಯೇ ಬೆಳಿಗ್ಗೆ ಎಬ್ಬಿಸಿದರು. "ಹೋಗ್ ಬಾ ಸುಧಾ, ಓಟು ಕೆಡಿಸ್ಬಾರ್ದು" ಎಂದು ರೈಲು ಹತ್ತಿಸಲು ಮಗನನ್ನೂ ಕಳಿಸಿದರು. ಓಟು ಹಾಕಿದೆ, ಅಮ್ಮ ಮಾಡಿದ ಮಾವಿನಕಾಯಿ ಚಿತ್ರಾನ್ನ ತಿಂದೆ, ಮಲಗಿದೆ. ಎದ್ದಾಗ ದೀಪ ಹಚ್ಚುವ ಹೊತ್ತು. ಯಾರೂ ಎಬ್ಬಿಸಿರಲಿಲ್ಲ, ಯಾರೂ ಹೆಸರು ಹಿಡಿದು ಕೂಗಿರಲಿಲ್ಲ. ಪ್ರಜಾಪ್ರಭುತ್ವ ಇಷ್ಟು ಒಳ್ಳೆಯದೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಆಮೇಲೆ ಗಂಡ ನನ್ನ ಹೆಸರನ್ನು ದೊಡ್ಡಬಳ್ಳಾಪುರಕ್ಕೆ ಬದಲಾಯಿಸಲು ಅರ್ಜಿ ಕೊಟ್ಟರು, ಕೊಟ್ಟು ಮರೆತರು. ಹೊಸ ಕಾರ್ಡು ಅಂಚೆಯಲ್ಲಿ ಬಂದ ದಿನ ಬಾಗಿಲು ತೆಗೆದದ್ದು ನಾನು. ಕಾರ್ಡನ್ನು ಸೀರೆಗಳ ಅಡಿಯಲ್ಲಿಟ್ಟೆ. ಅತ್ತೆ ಕೇಳಿದಾಗ "ಇನ್ನೂ ಬದಲಾಗಿಲ್ವಂತೆ" ಎಂದೆ. ಅದು ಸುಳ್ಳೆನಿಸಲೇ ಇಲ್ಲ—ಐದು ವರ್ಷಕ್ಕೊಂದು ರಜೆ, ಅಷ್ಟೇ ತಾನೆ...

ನಮ್ಮ ಕಡೆ ಈ ವಿಷಯವೇ ಒಂದು ಗೋಜಲು. ಜಿಲ್ಲೆ ಬೆಂಗಳೂರು ಗ್ರಾಮಾಂತರ, ಆದರೆ ಲೋಕಸಭೆಗೆ ಓಟು ಹಾಕುವುದು ಚಿಕ್ಕಬಳ್ಳಾಪುರ ಕ್ಷೇತ್ರಕ್ಕೆ. ಬೆಂಗಳೂರು ಗ್ರಾಮಾಂತರವೆಂಬ ಕ್ಷೇತ್ರ ಇರುವುದು ರಾಮನಗರದ ಕಡೆ. ಇಷ್ಟು ಕಲಸಿಹೋಗಿರುವ ಕಡೆ ನನ್ನದೊಂದು ಪುಟ್ಟ ಸುಳ್ಳನ್ನು ಬಚ್ಚಿಡಲು ಜಾಗ ಧಾರಾಳವಾಗಿತ್ತು.

ಮುಂದಿನ ಲೋಕಸಭೆ ಚುನಾವಣೆಯ ದಿನ ರೈಲು ಹತ್ತಿ ತವರಿಗೆ ಹೋದೆ, ಉಂಡೆ, ಮಲಗಿದೆ. ಹೊರಡುವಾಗ ನೆನಪಾಯಿತು—ಬೆರಳು! ತಮ್ಮನ ಮೇಜಿನ ಮೇಲಿದ್ದ ಮಾರ್ಕರ್ ಪೆನ್ನಿನಿಂದ ಉಗುರಿನ ಮೇಲೊಂದು ಗೆರೆ ಎಳೆದುಕೊಂಡೆ. ಪಾತ್ರೆ ತೊಳೆಯುವ ಕೈ. ಎರಡು ದಿನಕ್ಕೇ ಗೆರೆ ಮಾಯವಾಯಿತು. ಅತ್ತೆಯ ಬೆರಳಿನದು ಕಪ್ಪಗೆ ಹೊಳೆಯುತ್ತಲೇ ಇತ್ತು. ಅವರು ಎರಡು ಬೆರಳನ್ನೂ ಪಕ್ಕಪಕ್ಕ ಹಿಡಿದು ನೋಡಿದರು.

"ನಿಂದ್ಯಾಕೆ ಇಷ್ಟ್ ಬೇಗ ಹೋಯ್ತು?"

"ಸಿಟಿ ಇಂಕು ಅತ್ತೆ, ಅದು ಬೇರೆ ಥರ."

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಿದ್ದೆ. ಅತ್ತೆ ಅದನ್ನು ಪೂರ್ತಿ ನಂಬಿದರು. ನಂಬಿ ಸುಮ್ಮನಿರುವ ಜನವೇ ಅವರು? ಸಿಟಿಯವರಿಗೆ ಕಳಪೆ ಇಂಕು ಹಾಕಿ ಮೋಸ ಮಾಡುತ್ತಾರೆಂದು ಬೀದಿಗೆಲ್ಲ ಸಾರಿದರು. ನಾನು ಒಳಗೆ ಈರುಳ್ಳಿ ಹೆಚ್ಚುತ್ತಾ, ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ. ಆ ನಗು ನೆನಪಾದರೆ ಈಗ—ಇರಲಿ, ಅದನ್ನೂ ಹೇಳಲೇಬೇಕು.

ನಡುವೆ ಬಂದ ವಿಧಾನಸಭೆ ಚುನಾವಣೆಯ ಹೊತ್ತಿಗೆ ಬಾಣಂತನಕ್ಕೆ ತವರಲ್ಲೇ ಇದ್ದೆ, ಸುಳ್ಳಿನ ಅಗತ್ಯ ಬೀಳಲಿಲ್ಲ. ಮತ್ತೆ ಲೋಕಸಭೆ ಚುನಾವಣೆ ಬಂತು. ಮಗುವನ್ನು ಎತ್ತಿಕೊಂಡು ಹೊರಟೆ. ಈ ಸಲ ಜಾಣಳಾಗಿದ್ದೆ. ಮಾರ್ಕರನ್ನೇ ಜೊತೆಗೆ ತಂದು, ದಿನಾ ಬೆಳಿಗ್ಗೆ ಬಚ್ಚಲುಮನೆಯಲ್ಲಿ ಗೆರೆ ತಿದ್ದಿಕೊಳ್ಳುತ್ತಿದ್ದೆ. ತವರಿನಿಂದ ಮರಳಿದ ಸಂಜೆ ಅತ್ತೆ ನನ್ನ ಬೆರಳನ್ನು ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನೋಡಿದರು. "ಸರಿ, ಕೈ ತೊಳ್ಕೊಂಡ್ ಬಾ, ಬಸ್ಸಾರು ಐತೆ" ಎಂದರು. ಗೆದ್ದೆ ಅಂದುಕೊಂಡೆ.

ಕೆಲವು ತಿಂಗಳು ಕಳೆದ ಮೇಲೆ ನಮ್ಮ ಬಡಾವಣೆಯ ಅಹವಾಲು ಕೇಳಲು ಸಂಸದರ ಕಡೆಯವರೊಬ್ಬರು ಬಂದರು. ಸಮುದಾಯ ಭವನದಲ್ಲಿ ಹೆಂಗಸರೆಲ್ಲ ಸೇರಿದ್ದೆವು. ಬೆಂಗಳೂರಿನ ರೈಲಿನ ವೇಳೆ ಸರಿಯಿಲ್ಲವೆಂಬ ವಿಷಯ ಎತ್ತಿದ್ದು ನಾನೇ. "ಓಟು ಹಾಕಿದ್ದೀವಿ ಸರ್. ಹಾಕಿದವರಿಗೆ ಕೇಳೋ ಹಕ್ಕಿದೆ. ದೆಲ್ಲೀಲಿ ನಮ್ಮ ಮಾತು ಆಡಲಿ ಅಂತ ತಾನೇ ಕಳಿಸಿದ್ದು?" ಎಂದು ಗಟ್ಟಿಯಾಗಿಯೇ ಹೇಳಿದೆ. ಬಂದವರು ಬರೆದುಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಕೂತಿದ್ದ ಅತ್ತೆಯೂ ತಟ್ಟಿದರು—ಎಲ್ಲರಿಗಿಂತ ಜೋರಾಗಿ. ನಾನು ಹೆಮ್ಮೆಯಿಂದ ಕೂತೆ.

ಎರಡು ದಿನ ಬಿಟ್ಟು ಹಿಟ್ಟಿನ ಗಿರಣಿಯಲ್ಲಿ ಎದುರುಮನೆಯ ಭಾಗ್ಯ ಸಿಕ್ಕಳು. ಚುನಾವಣೆಯ ದಿನ ಅವಳು ಒಂದು ಪಕ್ಷದ ಏಜೆಂಟಾಗಿ ನಮ್ಮ ಬೂತಿನಲ್ಲೇ ಕೂತಿದ್ದಳು.

"ಅವತ್ತು ಚೆನ್ನಾಗ್ ಮಾತಾಡ್ದೆ ಬಿಡು. ಅಂದಂಗೆ ಓಟಿನ್ ದಿನ ಏನಾಗಿತ್ತು ನಿಂಗೆ? ಜ್ವರ ಅಂದ್ರು ನಿಮ್ಮತ್ತೆ."

"ಯಾವ ಜ್ವರ?" ಎಂದೆ. ಅವಳು ಕಥೆಯನ್ನೆಲ್ಲ ಹೇಳಿದಳು.

ಅತ್ತೆ ಬೂತಿನಲ್ಲಿ ಬೆರಳು ಚಾಚಿ, "ಚೆನ್ನಾಗ್ ಹಾಕಪ್ಪ, ಸಿಟೀಲಿ ಹಾಕ್ತಾರಲ್ಲ ಅಂಥದ್ ಬ್ಯಾಡ, ಎರಡೇ ದಿನಕ್ಕೆ ಹೋಗ್ತದೆ" ಎಂದರಂತೆ. ಇಂಕು ಹಾಕುವವರು, "ಇಡೀ ದೇಶಕ್ಕೆ ಒಂದೇ ಇಂಕು ಕಣಮ್ಮ" ಎಂದರಂತೆ. ಅತ್ತೆ ಬಿಡಲಿಲ್ಲ. "ನನ್ ಸೊಸೆ ಬೆರಳು ನೋಡಿವ್ನಿ, ನಂಗೇ ಹೇಳ್ತೀಯಾ" ಎಂದು ವಾದಕ್ಕೇ ಇಳಿದರಂತೆ. ಸಾಲಿನಲ್ಲಿದ್ದವರು, ಒಳಗಿದ್ದವರು, ಎಲ್ಲರೂ ನಕ್ಕರಂತೆ. ಭಾಗ್ಯನೂ ನಗುತ್ತಾ, "ನಂಜಮ್ಮೋರೆ, ನಿಮ್ ಸೊಸೆ ಹೆಸ್ರು ಇಲ್ಲೇ ಐತಲ್ಲ, ನಿಮ್ ಹೆಸ್ರಿನ್ ಕೆಳಗೇ" ಎಂದಳಂತೆ.

"ಬಗ್ಗಿ ಪಟ್ಟಿ ನೋಡಿದ್ರು. ಆಮೇಲೆ, ಅವ್ಳಿಗೆ ಜ್ವರ ಕಣಮ್ಮ, ಮನೇಲಿ ಮಲಗವ್ಳೆ ಅಂದ್ಬಿಟ್ಟು ಹೋದ್ರು" ಎಂದಳು ಭಾಗ್ಯ.

ರಾಗಿ ಹಿಟ್ಟಿನ ಡಬ್ಬ ಹೊತ್ತು ಮನೆಗೆ ನಡೆದೆ. ಹಾಗಾದರೆ ಆ ಸಂಜೆ ಬೆರಳು ನೋಡಿದಾಗಲೇ ಅವರಿಗೆ ಗೊತ್ತಿತ್ತು. ಆಮೇಲಿನ ಬೆಳಗುಗಳಲ್ಲೆಲ್ಲ—ಗೊತ್ತಿತ್ತು. ಭವನದಲ್ಲಿ ನಾನು ಹಕ್ಕಿನ ಭಾಷಣ ಬಿಗಿಯುತ್ತಿದ್ದಾಗ, ಗೊತ್ತಿದ್ದೂ ಚಪ್ಪಾಳೆ ತಟ್ಟಿದ್ದರು!

ಅತ್ತೆ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಎದುರು ಕೂತು ಕಾರ್ಡಿನಿಂದ ಹಿಡಿದು ಮಾರ್ಕರಿನವರೆಗೆ ಎಲ್ಲವನ್ನೂ ಹೇಳಿದೆ. ನಿದ್ದೆಯ ವಿಷಯವನ್ನೂ ಬಿಡಲಿಲ್ಲ. ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ತವರಿಗ್ ಹೋಗ್ಬೇಕು ಅಂತ ಬಾಯ್ಬಿಟ್ ಕೇಳಿದ್ರೆ ಆಗ್ತಿರ್ಲಿಲ್ವಾ? ನಡುವೆ ದೇಶಾನ್ ಯಾಕ್ ತಂದೆ?" ಎಂದರು. ಇನ್ನೊಂದು ಕಾಯಿ ಸುಲಿದು, "ದಿನಾ ಬೊಟ್ಟಿಟ್ಕೊಂಡಂಗೆ ಇಟ್ಕೊಂಡ್ ಬರ್ತಿದ್ಯಲ್ಲ, ನಗು ತಡ್ಕೊಳಕ್ಕೇ ಆಯ್ತಿರ್ಲಿಲ್ಲ" ಎಂದು ನಕ್ಕೇಬಿಟ್ಟರು. ನಾನೂ ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನನ್ನ ಕಣ್ಣಿನದೆಲ್ಲ ನಗುವಿನ ನೀರಾಗಿರಲಿಲ್ಲ.

ಕೇಳಿದ್ದರೆ ಅವರು ಕಳಿಸುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕೇಳಲೇ ಇಲ್ಲ. ಅಷ್ಟು ವರ್ಷ ಮಲ್ಲೇಶ್ವರದಿಂದಲೂ ದೆಲ್ಲಿಗೊಬ್ಬರು ಹೋದರು, ಇಲ್ಲಿಂದಲೂ ಒಬ್ಬರು ಹೋದರು. ನನ್ನ ಪಾಲು ಎರಡರಲ್ಲೂ ಇರಲಿಲ್ಲ. ಆ ನಷ್ಟ ನನ್ನದು, ಹೋಗಲಿ. ಆದರೆ ನನ್ನ ಮಾತನ್ನು ನಂಬಿದ ತಪ್ಪಿಗೆ ರೇಷ್ಮೆ ಸೀರೆ ಉಟ್ಟ ಒಬ್ಬ ಹೆಂಗಸು ತುಂಬಿದ ಬೂತಿನಲ್ಲಿ ನಗೆಪಾಟಲಾದರಲ್ಲ... ಅದೂ ಸಾಲದೆಂಬಂತೆ, ಅಲ್ಲೇ ನಿಂತು ನನಗಾಗಿ ಒಂದು ಸುಳ್ಳನ್ನೂ ಹೇಳಿದರಲ್ಲ. ಇದಕ್ಕೆ ನನ್ನಲ್ಲಿ ಸಮಜಾಯಿಷಿ ಇಲ್ಲ.

ಅವತ್ತು ನಗು ನಿಂತ ಮೇಲೆ ಅತ್ತೆ ಒಂದು ಮಾತು ಹೇಳಿದರು: "ನನ್ ಮುಂದೆ ಹೇಳಿದ್ದು ಸಾಲ್ದು. ಅವತ್ತು ನಕ್ರಲ್ಲ, ಅವ್ರ್ ಮುಂದೆ ಹೇಳು."

ಹೇಳುತ್ತಿದ್ದೇನೆ. ಭಾಗ್ಯನಿಂದ ಶುರುಮಾಡಿ ಬೀದಿಯ ಈ ಬದಿಯ ಮನೆಗಳನ್ನು ಮುಗಿಸಿದ್ದೇನೆ. ಆ ಬದಿ ಉಳಿದಿದೆ. ಈಗ ಹೊರಟಿದ್ದೇನೆ. ಅತ್ತೆ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ. ನಾನು ಏನಾದರೂ ಬಿಟ್ಟರೆ ಸೇರಿಸಬೇಕಂತೆ.