ಡೋಲ್ಫಿ ಅಂಕಲ್ ಬಲ್ಲ ಶಾಲೆಗಳು

ಕುವೈತಿನ ಹವಲ್ಲಿಯಲ್ಲಿ ಕ್ರೊಯೇಷಿಯಾದ ಭಾಷೆ ಬಲ್ಲ ನಮ್ಮ ಕಡೆಯವರು ಒಬ್ಬರೇ ಒಬ್ಬರು, ಡೋಲ್ಫಿ ಅಂಕಲ್. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ. ಅವರು ಬರೆದದ್ದು ಸರಿಯೋ ತಪ್ಪೋ ಎಂದು ಕೇಳಲು ಇಡೀ ಕುವೈತಿನಲ್ಲಿ ನಮಗೆ ಇನ್ನೊಬ್ಬರು ಗೊತ್ತಿರಲಿಲ್ಲ. ನನಗೆ ಸಿಟ್ಟು ಬೇಗ ಬರುತ್ತದೆ, ಬಂದಷ್ಟೇ ಬೇಗ ಹೋಗುತ್ತದೆ. ಈ ಮನುಷ್ಯನ ಮೇಲೆ ಬಂದ ಸಿಟ್ಟು ಮಾತ್ರ ಹೋಗುತ್ತಲೂ ಇಲ್ಲ, ಅವರ ಮುಖ ನೋಡಿದರೆ ಹೊರಗೆ ಬರುತ್ತಲೂ ಇಲ್ಲ.

ಅಂಕಲ್ ಶಿರ್ವದ ಕಡೆಯವರು. ಮೀಸೆ ಚಿಗುರುವ ವಯಸ್ಸಿನಲ್ಲಿ ಇಲ್ಲಿಗೆ ಬಂದು ಯುಗೊಸ್ಲಾವಿಯಾದ ಒಂದು ಕಟ್ಟಡ ಕಂಪನಿಯಲ್ಲಿ ಟೈಪಿಸ್ಟ್ ಆದರು. ಆಗ ಕ್ರೊಯೇಷಿಯಾ ಬೇರೆ ದೇಶವಾಗಿರಲಿಲ್ಲ, ಅದರೊಳಗೇ ಇತ್ತು. ಕಂಪನಿಯ ಕ್ಯಾಂಪಿನಲ್ಲಿ ಎಂಜಿನಿಯರುಗಳ ಮಕ್ಕಳಿಗೆಂದೇ ಒಂದು ಪುಟ್ಟ ಶಾಲೆ. ಅಲ್ಲಿನ ಟೀಚರಮ್ಮ ಬಾಯಲ್ಲಿ ಹೇಳಿದಂತೆ ಮಕ್ಕಳ ಅಂಕಪಟ್ಟಿ, ಟಿ.ಸಿ. ಟೈಪ್ ಮಾಡುತ್ತ ಮಾಡುತ್ತ ಇವರು ಭಾಷೆ ಕಲಿತರು. ಆ ದೇಶದಲ್ಲಿ ಯಾವ ಶಾಲೆಗೆ ಏನನ್ನುತ್ತಾರೆ ಎಂಬುದು ಅವರಿಗೆ ಮಗ್ಗಿಯಂತೆ ಬಾಯಿಪಾಠವಾಯಿತು. ಆಮೇಲೆ ಇರಾಕಿನವರು ನುಗ್ಗಿದರು, ಕಂಪನಿ ಗಂಟುಮೂಟೆ ಕಟ್ಟಿತು, ಅವರ ದೇಶವೂ ಒಡೆದು ಚೂರಾಯಿತು. ಯುದ್ಧ ಮುಗಿದ ಮೇಲೆ ಅಂಕಲ್ ಮತ್ತೆ ಬಂದು ಕಾಸಿಂ ಕುಂಞಿಯ ಟೈಪಿಂಗ್ ಸೆಂಟರಿನಲ್ಲಿ ಕುಳಿತರು. ಹೆಂಡತಿ ಲಿಜ್ಜಿ ಊರಿನಲ್ಲೇ ಇದ್ದು ಅಲ್ಲೇ ತೀರಿಕೊಂಡರು. ಅಷ್ಟು ವರ್ಷ ಅವರ ಆ ಭಾಷೆಯನ್ನು ಕೇಳಿದವರು ಯಾರೂ ಇಲ್ಲ.

ಈಚೆಗೆ ಕ್ರೊಯೇಷಿಯಾದವರು ಗಲ್ಫಿನಿಂದ ಕೆಲಸದವರನ್ನು ಕರೆಸಿಕೊಳ್ಳತೊಡಗಿದರು ನೋಡಿ, ಅಂಕಲ್ ಮುಂದೆ ಜನವೋ ಜನ! ನಮ್ಮ ಸರ್ಟಿಫಿಕೇಟುಗಳನ್ನು ಅವರು ಇಲ್ಲಿ ಆ ಭಾಷೆಗೆ ಬರೆದುಕೊಡುತ್ತಿದ್ದರು, ಅಲ್ಲಿನ ಏಜೆಂಟ್ ಅದಕ್ಕೆ ಮೊಹರು ಹಾಕಿಸುತ್ತಿದ್ದ. ಅಂಕಲ್‌ದು ಒಂದೇ ಪದ್ಧತಿ. ಶಾಲೆಯ ಹೆಸರನ್ನು ನೋಡುತ್ತಲೇ ಇರಲಿಲ್ಲ.

“ದೊಡ್ಡ ದೊಡ್ಡ ಹೆಸರೆಲ್ಲ ನನಗೆ ಬೇಡ ಮಾರಾಯಾ. ಎಷ್ಟನೇ ವಯಸ್ಸಿಗೆ ಒಳಗೆ ಹೋದದ್ದು, ಎಷ್ಟಕ್ಕೆ ಹೊರಗೆ ಬಂದದ್ದು, ಅದು ಹೇಳು,” ಎನ್ನುತ್ತಿದ್ದರು.

ನನ್ನ ಐಟಿಐ ಸರ್ಟಿಫಿಕೇಟ್ ನೋಡಿ ನಕ್ಕುಬಿಟ್ಟಿದ್ದರು. “ಇನ್‌ಸ್ಟಿಟ್ಯೂಟ್ ಅಂತೆ! ಅಲ್ಲಿ ಇನ್‌ಸ್ಟಿಟ್ಯೂಟ್ ಅಂದ್ರೆ ವಿಜ್ಞಾನಿಗಳು ಕೂತ್ಕೊಳ್ಳುವ ಜಾಗ. ನೀನು ಎಸಿ ಬಿಚ್ಚುವವ. ನಿನ್ನದು ಕಸುಬಿನ ಶಾಲೆ. ಪಿಯು ಕಾಲೇಜು ಸಹ ಕಾಲೇಜಲ್ಲ ಅವರಿಗೆ. ಅದು ಸ್ರೆದ್ನ್ಯಾ ಶ್ಕೋಲಾ, ನಡುವಿನ ಶಾಲೆ.”

ನನಗೆ ಅಲ್ಲಿ ಕೆಲಸ ಸಿಗಲಿಲ್ಲ. ಸಿಗಬೇಕಾಗಿದ್ದುದು ನನ್ನ ಹೆಂಡತಿ ಶೈಲಾಳಿಗೆ. ಅವಳು ಸಾಲ್ಮಿಯಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ನನ್ನ ಸಂಬಳದ ಮೇಲೆ ಹೆಂಡತಿ ಮಕ್ಕಳಿಗೆ ಇಲ್ಲಿ ಇರಲು ಇಕಾಮಾ ಪರವಾನಗಿ ಸಿಗುವುದಿಲ್ಲ. ಅವಳ ಕೆಲಸವಿದ್ದುದಕ್ಕೆ ನಾವು ಮೂವರೂ ಒಂದು ಸೂರಿನ ಕೆಳಗಿದ್ದೆವು, ಮಗಳು ಶ್ರುತಿ ಇಲ್ಲೇ ಶಾಲೆಗೆ ಹೋಗುತ್ತಿದ್ದಳು. ಕ್ಲಿನಿಕ್ ಕೈ ಬದಲಾಗುವ ಸುದ್ದಿ ಬಂದಾಗ ಶೈಲಾ ಕ್ರೊಯೇಷಿಯಾದ ಒಂದು ಆಸ್ಪತ್ರೆಗೆ ಅರ್ಜಿ ಹಾಕಿದಳು. ನರ್ಸ್ ಎಂದು ಒಪ್ಪಿದರೆ ಒಂದು ವರ್ಷದಲ್ಲಿ ಗಂಡ, ಮಗಳನ್ನೂ ಕರೆಸಿಕೊಳ್ಳಬಹುದು ಎಂದಿದ್ದ ಏಜೆಂಟ್.

ಶೈಲಾ ಓದಿದ್ದು ಹುಬ್ಬಳ್ಳಿಯ ನರ್ಸಿಂಗ್ ಸ್ಕೂಲಿನಲ್ಲಿ, ಹನ್ನೆರಡನೆಯ ತರಗತಿಯ ಮೇಲೆ. ಸರ್ಟಿಫಿಕೇಟಿನಲ್ಲಿ ಇದ್ದದ್ದು ಸ್ಕೂಲ್ ಎಂದೇ. ಕಾಸಿಂ ಕುಂಞಿ ಕುರ್ಚಿಯಿಂದಲೇ ಕೂಗಿದ, “ಕಾಲೇಜ್ ಅಂತ ಹಾಕಿಬಿಡಿ ಅಂಕಲ್, ಯಾರು ನೋಡ್ತಾರೆ?”

“ಸುಳ್ಳು ನಾನು ಬರೆಯುವುದಿಲ್ಲ,” ಎಂದರು ಅಂಕಲ್. ಶೈಲಾಳ ಕಡೆ ತಿರುಗಿ ಮೆಲ್ಲಗೆ ಹೇಳಿದರು, “ಸ್ಕೂಲ್ ಅಂತ ಸುಮ್ಮನೆ ಹಾಕಿದ್ರೆ ನಡುವಿನ ಶಾಲೆ ಅಂದ್ಕೊಳ್ತಾರೆ ಮಗಾ, ನಿಂಗೆ ಅನ್ಯಾಯ. ನೀನು ಹನ್ನೆರಡರ ಮೇಲೆ ಹೋದವಳು. ಅದಕ್ಕೆ ಅಲ್ಲಿ ಬೇರೆಯೇ ಹೆಸರುಂಟು. ವಿಶಾ ಶ್ಕೋಲಾ, ಮೇಲಿನ ಶಾಲೆ. ಟೀಚರಮ್ಮನ ತಂಗಿ ಸಹ ಅಂಥದ್ದರಲ್ಲೇ ನರ್ಸಿಂಗ್ ಕಲಿತದ್ದು.”

ಹಾಗೆಂದು ಬರೆದರು. ಅಲ್ಲಿ ಬೇಕಾದೀತೆಂದು ಶೈಲಾಳಿಗೆ ಆ ಭಾಷೆಯ ನಾಲ್ಕು ಮಾತನ್ನೂ ಕಲಿಸಿದರು. ಏಜೆಂಟ್ ಅದನ್ನು ಓದಿದನೋ ಇಲ್ಲವೋ, ಮೊಹರು ಬಿತ್ತು. ಆಸ್ಪತ್ರೆಯಿಂದ ಬನ್ನಿ ಎಂಬ ಪತ್ರವೂ ಬಂತು. ಅದೇ ವಾರ ಕ್ಲಿನಿಕ್ಕಿನ ಹೊಸ ಮಾಲೀಕ ಶೈಲಾಳನ್ನು ಕರೆದು, ಬೇಕಾದರೆ ಇಲ್ಲೇ ಮುಂದುವರಿ ಎಂದ. ಇವಳು ನಗುತ್ತ ಬೇಡ ಎಂದು ಬಂದಳು. ನಾನೇ ಹೇಳಿದ್ದೆ, “ಬಿಟ್ಟ ಒಗೀ ಅದನ್ನ” ಎಂದು.

ಆಮೇಲೆ ಅಲ್ಲಿನ ನರ್ಸುಗಳ ಪರವಾನಗಿ ಕಚೇರಿಯಿಂದ ಬಂದ ಉತ್ತರ ಕೇಳಿ. ಮೇಲಿನ ಶಾಲೆ ಎಂಬ ಜಾತಿಯ ಶಾಲೆಗಳನ್ನು ನಮ್ಮಲ್ಲಿ ಎಂದೋ ತೆಗೆದುಹಾಕಿದ್ದೇವೆ, ಇದ್ದಾಗ ಅದು ಇಂದಿನ ಪದವಿಗೆ ಸಮನಾಗಿತ್ತು, ಈಕೆಗೆ ಪದವಿಯಿಲ್ಲ, ಮೂಲ ಕಾಗದದಲ್ಲಿ ಇರುವುದು ಬರೀ ಸ್ಕೂಲ್, ಇದನ್ನು ಏರಿಸಿ ಬರೆದಿದ್ದಾರೆ. ನರ್ಸ್ ಎಂದು ಒಪ್ಪಲಾಗದು. ಆಸ್ಪತ್ರೆ ಕೈ ತೊಳೆದುಕೊಂಡಿತು. ಕ್ಲಿನಿಕ್ಕಿನಲ್ಲಿ ಅವಳ ಜಾಗಕ್ಕೆ ಬೇರೆಯವಳು ಬಂದಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ತಟ್ಟೆಯಲ್ಲಿದ್ದುದೂ ಹೋಯಿತು. ವೃದ್ಧಾಶ್ರಮದಲ್ಲಿ ಆಯಾ ಕೆಲಸವಿದೆ, ಬರುವುದಾದರೆ ಬರಲಿ, ಸಂಸಾರ ಕರೆಸಿಕೊಳ್ಳುವ ಮಾತು ಬೇಡ ಎಂದ ಏಜೆಂಟ್. ಶೈಲಾ ಒಂದು ದಿನವೆಲ್ಲ ಬಾಗಿಲು ಹಾಕಿಕೊಂಡು ಅತ್ತಳು. ಮರುದಿನ ಹೊರಡುವುದಕ್ಕೆ ಒಪ್ಪಿದಳು. ಶ್ರುತಿಯನ್ನು ಗಜೇಂದ್ರಗಡಕ್ಕೆ, ನನ್ನ ತಾಯಿ ಗುರುಸಿದ್ದವ್ವನ ಹತ್ತಿರ ಕಳಿಸಿದೆವು. ವಿಮಾನ ನಿಲ್ದಾಣದಲ್ಲಿ ಮಗಳು “ವೈ ಮಿ, ಪಪ್ಪಾ?” ಎಂದಾಗ ಅವಳ ಬ್ಯಾಗಿನ ಜಿಪ್ ಎಳೆದು ಸರಿಮಾಡಿದೆ. ನಾನು ಸುಲೈಬಿಯಾದ ಕೆಲಸಗಾರರ ಕ್ಯಾಂಪಿಗೆ ಬಂದು ಮೇಲಿನ ಮಂಚ ಹಿಡಿದೆ.

ಹೋಗುವ ಮುಂಚೆ ಶೈಲಾ ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. “ಅಂಕಲ್‌ಗ ಏನೂ ಹೇಳಬ್ಯಾಡ್ರಿ. ನನಗ ಅನ್ಯಾಯ ಆಗಬಾರದಂತನ ಬರದಾರ ಅವರು. ಗೊತ್ತಾದ್ರ ಎದಿ ಒಡಕೊಂತಾರ.”

“ಒಡಕೊಳ್ಳಲಿ! ನಮ್ಮ ಸಂಸಾರ ಒಡದಿಲ್ಲೇನು?” ಎಂದು ಕೂಗಾಡಿದೆ. ಆದರೂ ಆಣೆ ಆಣೆಯೇ.

ಹೋದ ಶುಕ್ರವಾರ ಇಕಾಮಾದ ಕೆಲಸಕ್ಕೆ ಕಾಸಿಂ ಕುಂಞಿಯ ಅಂಗಡಿಗೆ ಹೋಗಲೇಬೇಕಾಯಿತು. ಅಂಕಲ್ ಎದುರಿಗೆ ಒಬ್ಬ ಹೆಣ್ಣುಮಗಳು ಪ್ಲಾಸ್ಟಿಕ್ ಕವರಿನಲ್ಲಿ ಸರ್ಟಿಫಿಕೇಟ್ ಹಿಡಿದು ಕುಳಿತಿದ್ದಳು. ಇಬ್ಬರೂ ಕೊಂಕಣಿಯಲ್ಲಿ ಮಾತಾಡುತ್ತಿದ್ದರು. ನನ್ನನ್ನು ಕಂಡು ಅಂಕಲ್ ಎದ್ದೇ ನಿಂತರು.

“ಎಂಥ ಮಾರಾಯಾ, ಒಂದು ಫೋನು ಸಹ ಇಲ್ಲ! ಶೈಲಾ ಹೇಗಿದ್ದಾಳೆ? ಒಪ್ಪಿದ್ರಾ ಅವಳ ಕಾಗದ?”

ಅವರ ಶರ್ಟಿನ ಕಾಲರ್ ಸವೆದು ಹೋಗಿತ್ತು. ಬೈಯಬೇಕೆಂದು ತಿಂಗಳುಗಟ್ಟಲೆ ಮಾತು ಕೂಡಿಟ್ಟಿದ್ದೆ.

“ಒಪ್ಪ್ಯಾರ್ರೀ ಅಂಕಲ್. ಚಲೋ ಅದಾಳ.”

ಅವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಕುಳಿತಿದ್ದವಳ ಕಡೆ ತಿರುಗಿ, ನನಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದರು, “ಕೇಳಿದೆಯಾ ಲೊರೈನ್ ಬಾಯಿ? ನಾನು ಹೇಳಲಿಲ್ವಾ? ನಿಂದು ಸಹ ಹನ್ನೆರಡರ ಮೇಲಿನದ್ದೇ. ನಿಂಗೂ ವಿಶಾ ಶ್ಕೋಲಾ ಅಂತಲೇ ಹಾಕ್ತೇನೆ. ಇಲ್ಲಿಯ ಕೆಲಸಕ್ಕೆ ರಾಜೀನಾಮೆ ಕೊಡು, ಧೈರ್ಯದಲ್ಲಿ ಹೋಗು.”

ಲೊರೈನ್ ನನ್ನನ್ನು ನೋಡಿ ನಕ್ಕಳು. ಅಂಕಲ್ ಬೆರಳು ಆಗಲೇ ಕೀಬೋರ್ಡಿನ ಮೇಲಿತ್ತು. ಅಯ್ಯೋ ಶಿವನೇ, ಅತ್ತ ದರಿ ಇತ್ತ ಪುಲಿ. ಶೈಲಾಳ ಆಣೆ ನೆನಪಾಯಿತು, ಅವಳು ಬಾಗಿಲು ಹಾಕಿಕೊಂಡು ಅತ್ತದ್ದೂ ನೆನಪಾಯಿತು.

“ಬರೀಬ್ಯಾಡ್ರಿ ಅಂಕಲ್,” ಎಂದೆ.

“ಯಾಕೆ?”

ಹೇಳಿದೆ. ಎಲ್ಲವನ್ನೂ ಹೇಳಿದೆ. ಆ ಶಾಲೆ ಈಗ ಅಲ್ಲಿ ಇಲ್ಲ ಎಂದೆ, ಏರಿಸಿ ಬರೆದದ್ದು ಎಂದರು ಎಂದೆ. ಕಾಸಿಂ ಕುಂಞಿ ಫೋನನ್ನು ಕಿವಿಯಿಂದ ಕೆಳಗಿಳಿಸಿದ. ಅಂಕಲ್ ಕೀಬೋರ್ಡಿನಿಂದ ಕೈ ತೆಗೆದರು. ಕೊನೆಗೆ ಕೇಳಿದರು, “ಮತ್ತೆ ಶೈಲಾ ಅಲ್ಲಿ ಎಂಥ ಮಾಡುವುದು?”

“ಮುದುಕ್ಯಾರಿಗೆ ಜಳಕಾ ಮಾಡಸ್ತಾಳ್ರೀ.”

ಅವರು ತಲೆ ತಗ್ಗಿಸಿದರು. ನನಗೆ ತಡೆಯಲಾಗಲಿಲ್ಲ. ಸಮಾಧಾನಕ್ಕೆಂದು ಶೈಲಾ ಫೋನಿನಲ್ಲಿ ಹೇಳಿದ್ದನ್ನು ಹೇಳಿದೆ, “ನೀವು ಆಕಿಗೆ ಕಲಿಸಿದ್ದ ಮಾತು ಅಲ್ಲೆ ಭಾಳ ಉಪಯೋಗ ಆಗ್ಯಾವಂತ್ರೀ. ಮೇಲಿನ ಸಾಲಿ ಅಂದ್ರ ಆ ಮುದುಕ್ಯಾರಿಗೆಲ್ಲಾ ತಿಳೀತದಂತ. ನಾನೂ ಅದರಾಗ ಕಲತಾಕಿ ಅಂತ ಒಬ್ಬಾಕಿ ಕೈ ಹಿಡಕೊಂಡ್ಳಂತ.”

“ಮುದುಕಿಯರಿಗೆ ಮಾತ್ರವಾ ಆ ಮಾತು ತಿಳಿಯುವುದು?” ಎಂದರು ಡೋಲ್ಫಿ ಅಂಕಲ್.

ಅವರು ಲೊರೈನಳ ಸರ್ಟಿಫಿಕೇಟನ್ನು ಕವರಿನೊಳಗೆ ಹಾಕಿ, ಎರಡೂ ಕೈಯಲ್ಲಿ ಅವಳಿಗೆ ವಾಪಸು ಕೊಟ್ಟರು. “ಖಲಾಸ್ ಬಾಯಿ. ಬೇರೆ ಯಾರನ್ನಾದ್ರೂ ನೋಡು. ಇದ್ದ ಕೆಲಸ ಮಾತ್ರ ಬಿಡಬೇಡ,” ಎಂದರು. ಆಮೇಲೆ ಕಾಸಿಂ ಕುಂಞಿ ಬೇಡ ಬೇಡ ಎನ್ನುತ್ತಿದ್ದರೂ ಕೇಳದೆ ಗಾಜಿನ ಬಾಗಿಲ ಹತ್ತಿರ ಹೋಗಿ, ಕ್ರೊಯೇಷಿಯನ್ ಭಾಷೆಗೆ ಬರೆದುಕೊಡಲಾಗುವುದು ಎಂದು ಅಂಟಿಸಿದ್ದ ಕಾಗದವನ್ನು ಉಗುರಿನಿಂದ ಕೆರೆಯತೊಡಗಿದರು. ಬಿಸಿಲಿಗೆ ಒಣಗಿದ್ದ ಗೋಂದು ಬಿಡುತ್ತಿರಲಿಲ್ಲ. ನಾನೂ ಪಕ್ಕದಲ್ಲಿ ನಿಂತು ಒಂದು ಮೂಲೆಯಿಂದ ಕೆರೆದೆ.