ಒಂದು ತಗಡು, ಎರಡು ಬಾಗಿಲು

ಸೆಲ್ವಿ ಅಕ್ಕ, ನಿಮ್ಮ ಮನೆಯನ್ನು ನಕಾಶೆಯಿಂದ ಅಳಿಸಿದ್ದು ಉಪಗ್ರಹವಲ್ಲ, ನಾನು.

ನಂದಿದುರ್ಗದ ಚಿನ್ನದ ಗಣಿ ಲೈನಿನ, ಅಂದರೆ ಕಾರ್ಮಿಕರ ಸಾಲುಮನೆಗಳಿಗೆ ಹಕ್ಕುಪತ್ರ ಕೊಡುವ ಮೊದಲು ನಕಾಶೆ ಆಗಬೇಕಿತ್ತು. ಆ ಕೆಲಸ ಬಂಗಾರಪೇಟೆಯ ನಮ್ಮ ಸಣ್ಣ ಸರ್ವೆ ಆಫೀಸಿಗೆ ಬಂತು. ಉಪಗ್ರಹದ ಚಿತ್ರ ಕೊಳ್ಳುವುದೋ, ಡ್ರೋನ್ ಹಾರಿಸಿ ತೆಗೆಸುವುದೋ — ಎರಡರ ಖರ್ಚನ್ನೂ ಪಕ್ಕಪಕ್ಕ ಬರೆದು ತೋರಿಸು ಎಂದರು ಯಜಮಾನರು. ಬರೆದೆ. ಅಂಥ ವ್ಯತ್ಯಾಸವೇನೂ ಇರಲಿಲ್ಲ. ಚಿತ್ರ ಯಾವುದಾದರೂ ಕೊನೆಗೆ ಮನೆಮನೆಗೆ ನಡೆದು ಬಾಗಿಲು ಎಣಿಸಲೇಬೇಕು. ಆ ಖರ್ಚು ಎರಡೂ ಕಡೆ ಇತ್ತು.

ಉಪಗ್ರಹದ ಕಡೆಯಿಂದ ಅದನ್ನು ತೆಗೆದುಬಿಟ್ಟೆ. ಒಂದೇ ಸಾಲು. ಉಪಗ್ರಹ ಅಗ್ಗವಾಗಿ ಕಂಡಿತು, ಯಜಮಾನರು ಬೆನ್ನು ತಟ್ಟಿದರು, ಬಿಸಿಲಿನಲ್ಲಿ ಲೈನು ಸುತ್ತುವುದೂ ತಪ್ಪಿತು. ನನಗೆ ಬೇಕಿದ್ದದ್ದು ಇಷ್ಟೇ — ಒಂದು ಹೊಗಳಿಕೆ, ಫ್ಯಾನಿನ ಗಾಳಿ. ಇಷ್ಟಕ್ಕೆ ಒಂದು ಮನೆ...

ಗೊತ್ತಿರಲಿಲ್ಲ ಎನ್ನಲೂ ಬಾಯಿಲ್ಲ. ನಾನೂ ಪಕ್ಕದ ಉರಿಗಾಂ ಗಣಿ ಲೈನಿನಲ್ಲೇ ಬೆಳೆದವನು. ಮನೆಯಲ್ಲಿ ಇನ್ನೊಬ್ಬರ ಮದುವೆಯಾದರೆ ಹಿತ್ತಿಲಿಗೂ ತಗಡು ಇಳಿಸಿ, ನಡುವೆ ಗೋಡೆ ಎಬ್ಬಿಸಿ, ಹಿಂದಿನ ಓಣಿಗೆ ಬಾಗಿಲಿಟ್ಟು ಹೊಸ ಸಂಸಾರ ಹೂಡುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ನಾನು ಹುಟ್ಟಿದ್ದೂ ಅಂಥ ಹಿಂದಿನ ಕೋಣೆಯಲ್ಲಿ. ಮೇಲಿನಿಂದ ನೋಡಿದರೆ ಎರಡು ಮನೆಗೂ ಒಂದೇ ತಗಡು. ಇದೆಲ್ಲ ಗೊತ್ತಿದ್ದೂ, ಕಂಪ್ಯೂಟರಿನ ಮುಂದೆ ಕೂತು ಒಂದು ಸೂರಿಗೆ ಒಂದು ಮನೆ ಎಂದು ಗೆರೆ ಎಳೆಯುತ್ತಾ ಹೋದೆ. ಹಿಂದಿನ ಓಣಿಗೆ ಬಾಗಿಲಿದ್ದ ನಿಮ್ಮ ಮನೆ, ಮುಂಭಾಗದಲ್ಲಿದ್ದ ನಿಮ್ಮ ಮೈದುನನ ಲೆಕ್ಕಕ್ಕೆ ಸೇರಿತು.

ಹಕ್ಕುಪತ್ರ ಕೈಗೆ ಬಂದದ್ದೇ ಅವನು ನಿಮ್ಮನ್ನು ಹೊರಗೆ ಕಳಿಸಿದ. ಗಂಡ ಹೋದ ಮೇಲೂ ಒಬ್ಬರೇ ಉಳಿಸಿಕೊಂಡಿದ್ದ ಮನೆ ಅದು. ನೀವು ಆಫೀಸಿಗೆ ಬಂದಿರಿ. ಪರದೆಯ ಮೇಲಿನ ಚಿತ್ರ ತೋರಿಸಿ, ಇಲ್ಲಿರುವುದು ಒಂದೇ ಮನೆ ಎಂದೆ — ನಿಮ್ಮ ಮುಖಕ್ಕೇ ಹೇಳಿದೆ. ನೀವು ಬಗ್ಗಿ ತುಂಬ ಹೊತ್ತು ನೋಡಿದಿರಿ.

“ಮ್ಯಾಲಿಂದ ನೋಡುದ್ರೆ ಬಾಗ್ಲು ಎಂಗ್ ಕಾಣ್ತೈತೆ ತಂಬೀ? ಒಂದ್ಕಿತ ಬಂದು ತಟ್ಟಿದ್ರೆ ತೆಗೀತಿದ್ನಲ್ಲ.”

ತಲೆ ಎತ್ತಲಿಲ್ಲ ನಾನು. ಮೇಲಿನ ಅಧಿಕಾರಿಗಳನ್ನು ಕೇಳಿ ಎಂದು ಸಾಗಹಾಕಿದೆ.

ಅದಾಗಿ ನಾಲ್ಕು ವರ್ಷ. ನೀವೀಗ ಬಂಗಾರಪೇಟೆ ಸ್ಟೇಷನ್ ಹತ್ತಿರ ಬಾಡಿಗೆ ಕೋಣೆಯಲ್ಲಿದ್ದೀರಿ. ಆ ಬೀದಿ ತಪ್ಪಿಸಿ, ಸುತ್ತು ಬಳಸಿ ಆಫೀಸಿಗೆ ಹೋಗುತ್ತೇನೆ. ಮೊದಲು ಬರೆದ ಖರ್ಚಿನ ಪಟ್ಟಿ ಇನ್ನೂ ನನ್ನಲ್ಲಿದೆ — ಆ ಸಾಲು ಇದ್ದದ್ದು. ತಿದ್ದಿದ್ದನ್ನೂ ಅದಕ್ಕೆ ಜೋಡಿಸಿ, ತಿದ್ದಿದವನು ನಾನೇ ಎಂದು ಬರೆದು ಸಹಿ ಹಾಕಿದ್ದೇನೆ. ತಹಶೀಲ್ದಾರರಿಗೆ ಕೊಡುತ್ತೇನೆ. ನನ್ನ ಕೆಲಸ ಹೋಗುತ್ತದೆ, ಹೋಗಲಿ. ನಿಮ್ಮ ಮನೆ ಮರಳಿ ಸಿಗುತ್ತದೋ ಇಲ್ಲವೋ — ಗೊತ್ತಿಲ್ಲ.

ಕೊಡುವ ಮೊದಲು ನಿಮಗೆ ಓದಿ ಹೇಳಬೇಕು. ಬಂದು ಬಾಗಿಲು ತಟ್ಟುತ್ತೇನೆ, ಅಕ್ಕ. ನೀವು ತೆಗೆಯಲೇಬೇಕೆಂದಿಲ್ಲ.