ಕಣ್ಣು ಮುಚ್ಚಿ ಕೈ ಎತ್ತಿದವಳು

ಯಾರಾದರೂ ಕಣ್ಣು ಮುಚ್ಚಿಕೊಳ್ಳಿ ಎಂದರೆ ನಾನು ಪೂರ್ತಿ ಮುಚ್ಚುವವಳಲ್ಲ. ರೆಪ್ಪೆಯ ಕೆಳಗೆ ಒಂದು ಸಣ್ಣ ಸಂದು ಬಿಟ್ಟುಕೊಂಡೇ ಇರುತ್ತೇನೆ. ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ ಎಲ್ಲರೂ ಭಕ್ತಿಯಿಂದ ಕಣ್ಣು ಮುಚ್ಚಿ ನಿಂತಿದ್ದರೆ, ಯಾರ ಸೀರೆಯ ಅಂಚು ಹೇಗಿದೆ, ಯಾರ ಕಣ್ಣಲ್ಲಿ ನೀರು ಬಂದಿದೆ, ಯಾರು ಆಗಲೇ ಪ್ರಸಾದದ ತಟ್ಟೆಯ ಕಡೆ ಹೊರಳಿದ್ದಾರೆ ಎಂದೆಲ್ಲ ನಾನು ನೋಡಿ ಮುಗಿಸಿರುತ್ತೇನೆ. ಸತ್ತವರಿಗೆ ಎರಡು ನಿಮಿಷ ಮೌನ ಆಚರಿಸುವಾಗಲೂ ಅಷ್ಟೇ. ಇದನ್ನು ಹೇಳಿಕೊಳ್ಳುವುದಕ್ಕೆ ನಾಚಿಕೆಯೇ. ಆದರೂ ಹೇಳುತ್ತಿದ್ದೇನೆ, ಯಾಕೆಂದರೆ ಈ ಚಾಳಿ ಹತ್ತಿದ್ದು ಎಲ್ಲಿ ಎಂದು ನನಗೆ ಚೆನ್ನಾಗಿ ನೆನಪಿದೆ. ಹರಿಹರದಲ್ಲಿ, ಸಿಸ್ಟರುಗಳ ಶಾಲೆಯಲ್ಲಿ, ದಿನಾ ಸಂಜೆ ನಾಲ್ಕೂಕಾಲಿಗೆ.

ಅರವತ್ತರ ದಶಕದ ಮಾತು. ಚರ್ಚಿನ ಕಾಂಪೌಂಡಿನೊಳಗೆ ಒಂದು ಉದ್ದನೆಯ ಹೆಂಚಿನ ಕಟ್ಟಡ, ಏಳು ಕ್ಲಾಸು, ನಾಲ್ಕು ಜನ ಸಿಸ್ಟರುಗಳು. ಹುಡುಗರು ನಾಲ್ಕನೇ ಕ್ಲಾಸಿಗೇ ಬಿಟ್ಟು ಹೋಗುತ್ತಿದ್ದರು, ಆಮೇಲೆ ನಾವು ಹುಡುಗಿಯರು ಮಾತ್ರ. ನಮ್ಮಲ್ಲಿ ಕ್ರೈಸ್ತರ ಮಕ್ಕಳು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಹಣೆಗೆ ವಿಭೂತಿಯನ್ನೋ ಕುಂಕುಮವನ್ನೋ ಇಟ್ಟುಕೊಂಡು ಬಂದು, ಮರಿಯಮ್ಮನ ಪಟದ ಮುಂದೆ ಕೈ ಮುಗಿದು, 'ಈ ತಾಯಿ ನಮ್ಮ ಯಾವ ದೇವರ ಕಡೆಯವಳು' ಎಂದು ಚರ್ಚೆ ಮಾಡುತ್ತಿದ್ದವರು.

ನಮ್ಮ ಏಳನೇ ಕ್ಲಾಸಿಗೆ ಸಿಸ್ಟರ್ ಸೆಲಿನ್. ಮಂಗಳೂರು ಕಡೆಯವರು. ಅವರಿಗೆ ಇದ್ದದ್ದು ಒಂದೇ ಚಿಂತೆ, ನಮ್ಮನ್ನು ಹೈಸ್ಕೂಲಿಗೆ ತಯಾರು ಮಾಡುವುದು. ಉಗುರಿನಲ್ಲಿ ಮಣ್ಣು ಕಂಡರೆ, "ಹೈಸ್ಕೂಲಿನಲ್ಲಿ ಹೀಗೆ ಹೋದರೆ ಎಂತ ಹೇಳ್ತಾರೆ?" ಪುಸ್ತಕದಲ್ಲಿ ಶಾಯಿಯ ಕಲೆ ಬಿದ್ದರೆ, "ಹೈಸ್ಕೂಲಿನವರು ನೋಡಿ ನಗ್ತಾರೆ." ಸೀನು ಬಂದರೂ ಹೈಸ್ಕೂಲಿಗೆ ತಕ್ಕ ಹಾಗೆ ಸೀನಬೇಕಿತ್ತು. ನಾಲ್ಕು ಗೆರೆಯ ನಡುವೆ ಇಂಗ್ಲಿಷು ಬರೆಯುವುದು, ಕರವಸ್ತ್ರದ ಅಂಚು ಹೊಲಿಯುವುದು, ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂದು ಕೇಳುವುದು, ಜ್ವರ ಬಂದಾಗ ರಜೆಯ ಅರ್ಜಿ ಬರೆಯುವುದು, ಎಲ್ಲ ಕಲಿಸಿದರು. ಜ್ವರವಿಲ್ಲದಾಗ ಬರೆಯುವುದನ್ನು ನಾವೇ ಕಲಿತೆವು. ಹೈಸ್ಕೂಲು ಎಂದರೆ ಎಲ್ಲರೂ ಶುಭ್ರವಾಗಿ, ಮೆಲ್ಲಗೆ ಮಾತಾಡುತ್ತಾ ಇರುವ ಜಾಗವೆಂದು ನಾನು ನಂಬಿಬಿಟ್ಟಿದ್ದೆ. ಸಿಸ್ಟರ್ ಸೆಲಿನ್ ಕೂಡ ನಂಬಿದ್ದರು ಎಂದು ಈಗ ಅನಿಸುತ್ತದೆ.

ಸಂಜೆ ಗಂಟೆ ಹೊಡೆಯುವ ಮುಂಚೆ ಕೊನೆಯ ಪಾಠ. "ಮಕ್ಕಳೇ, ಕಣ್ಣು ಮುಚ್ಚಿ. ಇವತ್ತು ಎಂತ ತಪ್ಪು ಮಾಡಿದ್ದೀರಿ, ನೆನಪು ಮಾಡಿ. ನೆನಪಾದವರು ಕೈ ಎತ್ತಿ." ಕೈ ಎತ್ತಿದವರು ಒಬ್ಬೊಬ್ಬರಾಗಿ ಹೋಗಿ ಅವರ ಕಿವಿಯಲ್ಲಿ ತಪ್ಪು ಹೇಳಬೇಕು. ಅವರು ತಲೆ ಸವರಿ, "ನಾಳೆ ಮಾಡಬೇಡ" ಎಂದು ಕಳಿಸುತ್ತಿದ್ದರು. ಒಪ್ಪಿಕೊಂಡವರಿಗೆ ಶಿಕ್ಷೆಯಿಲ್ಲ. ಇದು ಮೊದಲನೇ ನಿಯಮ. ಎರಡನೆಯದು, ನಿನ್ನ ತಪ್ಪನ್ನು ಮಾತ್ರ ಹೇಳು, ಇನ್ನೊಬ್ಬರದು ನಿನ್ನದಲ್ಲ. ಚಾಡಿ ಹೇಳಲು ಹೋದವರಿಗೆ ಮಾತ್ರ ಅವರು ಮುಖ ಗಂಟು ಹಾಕುತ್ತಿದ್ದರು.

ನಮ್ಮ ಮನೆಗಳಲ್ಲೂ ತಪ್ಪೊಪ್ಪಿಗೆ ಇತ್ತು. ಆದರೆ ನಮ್ಮದು ಸಗಟು ವ್ಯಾಪಾರ. ಗಲ್ಲ ಗಲ್ಲ ಬಡಿದುಕೊಂಡು, ತಿಳಿದೋ ತಿಳಿಯದೆಯೋ ಮಾಡಿದ್ದನ್ನೆಲ್ಲ ಹೊಟ್ಟೆಗೆ ಹಾಕ್ಕೊಳ್ಳಪ್ಪಾ ಎಂದು ಒಂದೇ ಮೂಟೆ ಕಟ್ಟಿ ದೇವರ ಮುಂದೆ ಇಳಿಸಿಬಿಟ್ಟರೆ ಮುಗಿಯಿತು. ಒಳಗೆ ಏನೇನಿದೆ ಎಂದು ದೇವರೂ ಬಿಚ್ಚಿ ನೋಡುವುದಿಲ್ಲ. ಸಿಸ್ಟರುಗಳದು ಚಿಲ್ಲರೆ. ಒಂದೊಂದು ತಪ್ಪನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿ, ಹೆಸರು ಹೇಳಿ ಕೊಡಬೇಕು. ಮೂಟೆ ಇಳಿಸಿ ಬೆಳೆದ ನನಗೆ ಇದು ಒಗ್ಗಲಿಲ್ಲ. ಹಾಗಾಗಿ ನಾನು ಕಣ್ಣಿನಲ್ಲಿ ಸಂದು ಬಿಟ್ಟುಕೊಂಡು, ಎಷ್ಟು ಕೈ ಮೇಲೆದ್ದಿವೆ ಎಂದು ನೋಡಿ, ಏಳೆಂಟು ಕಂಡರೆ ನನ್ನದನ್ನೂ ಎತ್ತುತ್ತಿದ್ದೆ. ಒಂದೂ ಕಾಣದಿದ್ದರೆ ಆ ದಿನ ನಾನೂ ತಪ್ಪು ಮಾಡಿರುತ್ತಿರಲಿಲ್ಲ.

ಹಾಲಮ್ಮ ಹಾಗಲ್ಲ. ನನ್ನ ಪಕ್ಕದಲ್ಲೇ ಕೂರುತ್ತಿದ್ದವಳು, ಗುತ್ತೂರಿನ ರೈತರ ಮನೆಯ ಹುಡುಗಿ, ದಿನಾ ನಡೆದುಕೊಂಡೇ ಬರುತ್ತಿದ್ದಳು. ಕಣ್ಣು ಮುಚ್ಚು ಎಂದರೆ ಹುಬ್ಬು ಗಂಟಾಗುವಷ್ಟು ಬಿಗಿಯಾಗಿ ಮುಚ್ಚುತ್ತಿದ್ದಳು. ದಿನಕ್ಕೊಂದಾದರೂ ತಪ್ಪು ಅವಳಿಗೆ ಸಿಗುತ್ತಿತ್ತು. ದಾರಿಯಲ್ಲಿ ಯಾರದೋ ಹೊಲದ ಕಡಲೆಗಿಡ ಕಿತ್ತದ್ದು, ತಮ್ಮನಿಗೆ ಮೊಟಕಿದ್ದು. ಸಿಗದ ದಿನ ಚಿಂತೆಗೆ ಬೀಳುತ್ತಿದ್ದಳು. "ಇವತ್ತು ಏನು ಮಾಡೀನಿ ಅಂತನೇ ನೆನಪಾಗವಲ್ದು ಸರೋಜಾ, ಅದೇ ಒಂದು ತಪ್ಪು ಇರಬೋದೇನ?" ಎಂದು ನನ್ನನ್ನು ಕೇಳುತ್ತಿದ್ದಳು. ನನಗೆ ನಗು ಬರುತ್ತಿತ್ತು.

ಏಳನೇ ಕ್ಲಾಸಿನ ಪರೀಕ್ಷೆಯಲ್ಲಿ ಇಬ್ಬರೂ ಪಾಸಾದೆವು. ಹರಿಹರದಲ್ಲಿ ಆಗ ಹುಡುಗಿಯರದೇ ಆದ ಹೈಸ್ಕೂಲು ಇರಲಿಲ್ಲ, ದಾವಣಗೆರೆಗೆ ಹೋಗಬೇಕಿತ್ತು. ನಮ್ಮಪ್ಪ ಸ್ಟೇಷನ್ನಿನಲ್ಲಿ ಬುಕಿಂಗ್ ಗುಮಾಸ್ತರು, ನನಗೆ ರೈಲೆಂದರೆ ಮನೆಯ ಹಿತ್ತಿಲು. ಹಾಲಮ್ಮನ ಅಪ್ಪ ರುದ್ರಪ್ಪನವರನ್ನು ಒಪ್ಪಿಸಲು ಸಿಸ್ಟರ್ ಸೆಲಿನ್ ಎರಡು ಸಲ ಗುತ್ತೂರಿಗೆ ಹೋದರು. ಮೂರನೇ ಸಲ ರುದ್ರಪ್ಪನವರೇ ನಮ್ಮ ಮನೆಗೆ ಬಂದು ನಮ್ಮಪ್ಪನ ಮುಂದೆ ಕೂತು ಹೇಳಿದರು. "ನಿಮ್ಮ ಹುಡುಗಿ ಜೊತಿಗೆ ಇರ್ತಾಳ ಅಂದ್ರ ಕಳಿಸ್ತೀನ್ರಿ. ಜೋಡಿಲಿ ಹೋಗಬೇಕು, ಜೋಡಿಲಿ ಬರಬೇಕು. ಒಬ್ಳೇ ಅಡ್ಡಾಡಿದ್ಲು ಅಂತ ಒಂದು ಮಾತು ಬಂದ್ರ ಅವತ್ತೇ ಬಿಡಿಸ್ತೀನಿ." ನಮ್ಮಪ್ಪ ನನ್ನನ್ನು ಕರೆದು, ಕೇಳಿಸಿತಾ ಎಂದರು. ನಾನು ಗೋಣು ಹಾಕಿದೆ.

ಹೈಸ್ಕೂಲು ಇದ್ದದ್ದು ಪಿ.ಜೆ. ಬಡಾವಣೆಯ ಕಡೆಗೆ. ಶುಭ್ರವಾಗಿ ಮೆಲ್ಲಗೆ ಮಾತಾಡುವ ಜನ ಅಲ್ಲಿ ಯಾರೂ ಕಾಣಲಿಲ್ಲ. ಒಂದೊಂದು ಕ್ಲಾಸಿಗೆ ಅರವತ್ತು ಜನ. ಒಳಗೆ ಬರಲೇ ಎಂದು ಬಾಗಿಲಲ್ಲಿ ನಿಂತು ಕೇಳಿದರೆ, ಬರೋದಾದ್ರೆ ಬಾ ಎನ್ನುತ್ತಿದ್ದರು. ಗೇಟಿನಿಂದ ನೂರು ಹೆಜ್ಜೆಗೆ ಒಂದು ಮಂಡಕ್ಕಿ ಅಂಗಡಿ. ಮಿಲ್ಲಿನ ಪಾಳಿ ಮುಗಿಸಿದ ಗಂಡಸರು ಬೆಂಚಿನ ಮೇಲೆ ಕೂತು ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದರು. ಗಾಳಿ ಈ ಕಡೆಗೆ ಬೀಸಿದರೆ ಕರಿದ ಮೆಣಸಿನಕಾಯಿಯ ವಾಸನೆ ನೇರ ನಮ್ಮ ಭೂಗೋಳದ ಪಾಠದೊಳಗೇ ಬರುತ್ತಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಗೇಟು ದಾಟಕೂಡದು ಎಂಬುದು ಅಲ್ಲಿನ ಕಟ್ಟಪ್ಪಣೆ.

ದಾಟಿಸಿದವಳು ನಾನು. ಮೂರು ದಿನ ಹಾಲಮ್ಮನ ಬೆನ್ನು ಹತ್ತಿದೆ. "ಬ್ಯಾಡ ಸರೋಜಾ, ನಮ್ಮಪ್ಪಗ ಗೊತ್ತಾದ್ರ ಮುಗೀತು" ಎಂದಳು. "ಒಬ್ಬಳೇ ಹೋದರೆ ತಾನೇ? ನಾನು ಜೊತೆಗಿರ್ತೀನಲ್ಲ" ಎಂದೆ. ನಾಲ್ಕನೇ ದಿನ ಬಂದಳು. ಅಂಗಡಿಯ ಮುಂದೆ ನಿಂತು ತಿಂದೆವು. ಅಷ್ಟು ರುಚಿಯಾದದ್ದನ್ನು ನಾನು ಆಮೇಲೆ ತಿಂದಿಲ್ಲ ಎಂದು ಬರೆಯಲು ಮನಸ್ಸಾಗುತ್ತದೆ, ಆದರೆ ನಿಜವೆಂದರೆ ಖಾರ ವಿಪರೀತವಾಗಿ ನನಗೆ ರುಚಿಯೇ ಹತ್ತಲಿಲ್ಲ. ನೀರು ಕುಡಿಯಲು ನಾನು ಅಂಗಡಿಯ ಒಳಕ್ಕೆ ಹೋದೆ. ಆ ಹೊತ್ತಿಗೇ ನಮ್ಮ ಹೊಲಿಗೆ ಟೀಚರು ಜಟಕಾದಲ್ಲಿ ಹಾದುಹೋದರು. ಅವರಿಗೆ ಕಂಡದ್ದು ಬೆಂಚಿನ ಗಂಡಸರು, ಅವರ ಪಕ್ಕ ನಮ್ಮ ಹೈಸ್ಕೂಲಿನ ಒಂದು ನೀಲಿ ಲಂಗದ ಬೆನ್ನು.

ಮಾರನೇ ದಿನ ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮಿಸ್ಸು ಕೇಳಿದರು. "ನಿನ್ನೆ ಗೇಟು ದಾಟಿ ಮಂಡಕ್ಕಿ ಅಂಗಡಿಗೆ ಹೋದವಳು ಯಾರು?" ಮುನ್ನೂರು ಹುಡುಗಿಯರು ನೆಲ ನೋಡುತ್ತಾ ನಿಂತರು. ನಾನು ಓರೆಗಣ್ಣಿನಲ್ಲಿ ಪಕ್ಕಕ್ಕೆ ನೋಡಿದೆ. ಹಾಲಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಹುಬ್ಬು ಗಂಟಾಗುವಷ್ಟು ಬಿಗಿಯಾಗಿ. ಕೈ ಮೇಲೆದ್ದಿತ್ತು.

ಯಾರೋ ಕಿಸಕ್ಕನೆ ನಕ್ಕರು. ಹೆಡ್‌ಮಿಸ್ಸು ಮುಂದೆ ಕರೆದರು. ಹಾಲಮ್ಮ ನೇರ ಹೋಗಿ, ಅಭ್ಯಾಸಬಲದಿಂದ, ಅವರ ಕಿವಿಯ ಹತ್ತಿರಕ್ಕೆ ಬಾಯಿ ತಂದಳು. ಅವರು ಬೆಚ್ಚಿ ಹಿಂದಕ್ಕೆ ಸರಿದರು. ಜೊತೆಗೆ ಯಾರಿದ್ದರು ಎಂದು ಕೇಳಿದರು. "ನನ್ನ ತಪ್ಪು ನಾನು ಹೇಳ್ತೀನ್ರಿ" ಎಂದಳು. ಅದು ಉದ್ಧಟತನವಾಗಿ ಕೇಳಿಸಿತು. "ಹಾಗಾದರೆ ಒಬ್ಬಳೇ ಹೋಗಿದ್ದೆಯಾ?" ಹಾಲಮ್ಮ ಸುಮ್ಮನಿದ್ದಳು. ಹೌದು ಎಂದರೆ ಸುಳ್ಳು, ಅಲ್ಲ ಎಂದರೆ ಚಾಡಿ. ಎರಡಕ್ಕೂ ನಮ್ಮ ಸಿಸ್ಟರುಗಳ ಶಾಲೆಯಲ್ಲಿ ಜಾಗವಿರಲಿಲ್ಲ. ಹೆಡ್‌ಮಿಸ್ಸು ಮೌನವನ್ನು ಹೌದು ಎಂದೇ ತೆಗೆದುಕೊಂಡರು. ಬೇರೆ ಯಾರಾದರೂ ಕೈ ಎತ್ತುತ್ತಾರೋ ಎಂದು ನಾನು ಸುತ್ತ ನೋಡುತ್ತಿದ್ದೆ. ಹೋಗಿದ್ದೇ ಇಬ್ಬರು, ಇನ್ನು ಯಾರು ಎತ್ತಬೇಕಿತ್ತೋ! ಸಿಸ್ಟರುಗಳು ನಮ್ಮನ್ನು ಹೈಸ್ಕೂಲಿಗೆ ತಯಾರು ಮಾಡಿದ್ದರು, ನಿಜ. ನಮ್ಮಂಥವರು ಬರುತ್ತಾರೆಂದು ಹೈಸ್ಕೂಲನ್ನು ಯಾರೂ ತಯಾರು ಮಾಡಿರಲಿಲ್ಲ.

ಗುತ್ತೂರಿಗೆ ಕಾಗದ ಹೋಯಿತು. ಅದರಲ್ಲಿ 'ಒಂಟಿಯಾಗಿ' ಎಂಬ ಮಾತಿತ್ತಂತೆ. ಅದು ತಲುಪಿದ ಮರುದಿನ ಬೆಳಗಿನ ಪ್ಯಾಸೆಂಜರಿಗೆ ಹಾಲಮ್ಮ ಬರಲಿಲ್ಲ.

ಸುದ್ದಿ ತಿಳಿದು ಸಿಸ್ಟರ್ ಸೆಲಿನ್ ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಗುತ್ತೂರಿಗೆ ಹೊರಟರು. ಗೆಳತಿಯನ್ನು ಕಂಡರೆ ಹುಡುಗಿಗೆ ಧೈರ್ಯ ಬರುತ್ತದೆ ಎಂದು ಅವರ ಎಣಿಕೆ. ರುದ್ರಪ್ಪನವರು ಕಂಬಳಿ ಹಾಸಿ, "ಕೂಡ್ರಿ ಸಿಸ್ಟರಮ್ಮಾರ" ಎಂದು ಮರ್ಯಾದೆಯಿಂದಲೇ ಮಾತಾಡಿದರು. ಕೂಗಾಡುವ ಮನುಷ್ಯನಲ್ಲ. ಹಾಲಮ್ಮ ನಡುಮನೆಯ ಕಂಬಕ್ಕೆ ಒರಗಿ ನಿಂತಿದ್ದಳು.

"ಅವಳು ಸುಳ್ಳು ಹೇಳಲಿಲ್ಲ ರುದ್ರಪ್ಪ. ಅದನ್ನಾದರೂ ನೋಡಿ" ಎಂದರು ಸಿಸ್ಟರ್.

"ಅದಕ್ಕೇ ನಂಗ ಸಂಕಟರಿ. ಮಂಡಕ್ಕಿ ತಿಂದದ್ದಕ್ಕ ನಾ ಏನೂ ಅನ್ನಂಗಿಲ್ಲ. ಹಸಿವಾದ್ರ ತಿಂತಾವ ಹುಡುಗ್ರು. ಒಬ್ಳೇ ಹೋಗಿ ಗಂಡಸ್ರ ನಡುವ ನಿಂತಿದ್ಲು ಅಂತ ಬರೆದಾರಲ್ರಿ, ಊರಾಗ ಅದೇ ಮಾತಾಗೈತೆ. ಜೋಡಿಲಿ ಹೋಗಿದ್ರ ಬ್ಯಾರೆ ಇತ್ತು." ಆಮೇಲೆ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಆಸೆ ಇತ್ತು, ಅದನ್ನು ನಾನು ಮರೆತಿಲ್ಲ. "ಯವ್ವಾ, ನೀನರ ಹೇಳು. ನೀ ಇದ್ದೆಲ್ಲ ಜೊತಿಗೆ?"

ಹೌದು ಎಂದಿದ್ದರೆ ನನಗೆ ಆಗುತ್ತಿದ್ದದ್ದು ಏನು? ಅಪ್ಪನ ಬೈಗುಳ, ಹೆಚ್ಚೆಂದರೆ ಒಂದು ಏಟು. ಶಾಲೆ ಬಿಡಿಸುವ ಮಾತು ನಮ್ಮ ಮನೆಯಲ್ಲಿ ಹುಟ್ಟುತ್ತಲೇ ಇರಲಿಲ್ಲ. ಅಷ್ಟಕ್ಕೆ ಹೆದರಿ ನಾನು ಹೇಳಿದೆ. "ನಾನು ಕ್ಲಾಸಿನಲ್ಲಿ ಓದ್ತಾ ಕೂತಿದ್ದೆ."

ಹಾಲಮ್ಮ ನನ್ನನ್ನು ನೋಡಿದಳು. ಒಳಗೆ ಹೋಗಿ ನಮಗೆ ಕುಡಿಯಲು ಮಜ್ಜಿಗೆ ತಂದುಕೊಟ್ಟಳು.

ವಾಪಸು ಬರುವಾಗ ಊರು ಹತ್ತಿರವಾದಾಗ ಸಿಸ್ಟರ್, "ನಾನು ಮಕ್ಕಳಿಗೆ ಎಂತ ಕಲಿಸಿದೆ?" ಎಂದರು. ನನ್ನನ್ನು ಕೇಳಿದರೋ ತಮ್ಮಷ್ಟಕ್ಕೆ ಹೇಳಿಕೊಂಡರೋ ತಿಳಿಯಲಿಲ್ಲ. ಆ ವರ್ಷದ ಏಳನೇ ಕ್ಲಾಸಿನ ಹುಡುಗಿಯರು ಆಮೇಲೆ ನನಗೆ ಹೇಳಿದರು. ಸಂಜೆ ಕಣ್ಣು ಮುಚ್ಚಿಸುತ್ತಾರೆ, ತಪ್ಪು ನೆನೆಸಿಕೊಳ್ಳಿ ಎನ್ನುತ್ತಾರೆ, ಆದರೆ ಈಗ ಕೈ ಎತ್ತಲು ಹೇಳುವುದಿಲ್ಲವಂತೆ.

ಒಂದು ವರ್ಷ ನಾನು ಗುತ್ತೂರಿನ ಕಡೆ ತಲೆ ಹಾಕಲಿಲ್ಲ. ದಿನಾ ಒಬ್ಬಳೇ ರೈಲಿನಲ್ಲಿ ದಾವಣಗೆರೆಗೆ ಹೋಗಿ ಒಬ್ಬಳೇ ಬಂದೆ. ಒಬ್ಬಳೇ ಯಾಕೆ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಹಾಲಮ್ಮನಿಗೆ ಸಂಬಂಧ ಹುಡುಕುವುದು ಕಷ್ಟವಾಯಿತಂತೆ, ಮಂಡಕ್ಕಿ ಅಂಗಡಿಯ ಮಾತು ಹುಡುಗಿಗಿಂತ ಮುಂಚೆ ಹೋಗಿ ಆ ಮನೆಗಳ ಬಾಗಿಲಲ್ಲಿ ಕೂತಿರುತ್ತಿತ್ತು. ಕೊನೆಗೆ ಹದಡಿಯ ಕಡೆಯ ಒಬ್ಬ ಎರಡನೇ ಮದುವೆಯವನು ಒಪ್ಪಿದ. ಆಗ ಅವಳಿಗೆ ಹದಿನೈದು. ಲಗ್ನಪತ್ರಿಕೆ ನಮ್ಮ ಮನೆಗೂ ಬಂತು. ಅಮ್ಮನ ಜೊತೆ ಹೋಗದೆ ವಿಧಿಯಿರಲಿಲ್ಲ.

ಅರಿಶಿನ ಹಚ್ಚಿಕೊಂಡು ಕೂತಿದ್ದವಳು ನನ್ನನ್ನು ಕಂಡದ್ದೇ ಹತ್ತಿರ ಕರೆದಳು. ಸುತ್ತ ಹೆಂಗಸರು. ನನ್ನ ಕೈ ಹಿಡಿದು ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದಳು. "ಯಾಕ ಬರಲಿಲ್ಲ ಇಷ್ಟು ದಿನ? ನಿನ್ನ ಹೆಸರು ಹೇಳ್ತೀನಿ ಅಂತ ಹೆದರಿದ್ಯೇನ? ನಾ ಯಾರಿಗೂ ಹೇಳಿಲ್ಲ. ಹೇಳಂಗೂ ಇಲ್ಲ ಬಿಡು."

ಹೇಳಲೂ ಇಲ್ಲ. ರುದ್ರಪ್ಪನವರು ಮಗಳು ಒಬ್ಬಳೇ ಹೋಗಿದ್ದಳು ಎಂದು ನಂಬಿಕೊಂಡೇ ತೀರಿಹೋದರು. ಗುತ್ತೂರಿನಲ್ಲಿ ಆ ಕಾಲದವರು ಯಾರಾದರೂ ಉಳಿದಿದ್ದರೆ ಅವರೂ ಹಾಗೇ ನಂಬಿರುತ್ತಾರೆ. ಅವರಿಗೆ ಹೇಳುವುದು ಇಷ್ಟೇ. ಇಬ್ಬರು ಹೋಗಿದ್ದೆವು. ಕರೆದವಳು ನಾನು, ಬಾಯಿ ಉರಿಯುತ್ತಿದ್ದರೂ ಇನ್ನೊಂದು ಮಿರ್ಚಿ ಹಾಕ್ರಿ ಎಂದವಳೂ ನಾನು.